ಮಧ್ಯಾಹ್ನದ ಯೂನಿಟ್ಟು, ಸಂಜೆಯ ಯೂನಿಟ್ಟು

ಮಳವಳ್ಳಿ ತಾಲ್ಲೂಕಿನಲ್ಲಿ ಕಾಲುವೆ ನೀರು ಮುಟ್ಟದ ಊರುಗಳಿವೆ. ಬೇಸಿಗೆ ಬಂದರೆ ಅಲ್ಲಿ ಮಾತು ಶುರುವಾಗುವುದೇ ‘ತ್ರೀ ಫೇಸ್ ಎಷ್ಟೊತ್ತಿಗಂತೆ?’ ಎಂಬಲ್ಲಿಂದ. ಮನೆಯ ದೀಪಕ್ಕೆ, ಟೀವಿಗೆ ಸಿಂಗಲ್ ಫೇಸ್ ಸಾಕು. ಬೋರ್‌ವೆಲ್ಲಿನ ಮೋಟರಿಗೆ ಮೂರೂ ಫೇಸ್ ಬೇಕು. ಅದು ಸಿಗುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ. ಪಾಳಿ ರಾತ್ರಿಗೆ ಬಿತ್ತೆಂದರೆ ಟಾರ್ಚು ಹಿಡಿದು ಬದುವಿನ ಮೇಲೆ ನಡೆಯಬೇಕು, ಹಾವಿಗೆ ಹೆದರಬೇಕು, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಹಾಲು ಕರೆಯಬೇಕು. ಇದಕ್ಕೆ ರೈತರು ಕಂಡುಕೊಂಡ ಉಪಾಯ ಆಟೋ ಸ್ಟಾರ್ಟರ್. ಮೂರೂ ಫೇಸ್ ಬಂದದ್ದನ್ನು ಆ ಪೆಟ್ಟಿಗೆ ತಾನೇ ಗುರುತಿಸಿ ಮೋಟರ್ ಚಾಲೂ ಮಾಡುತ್ತದೆ. ಮಲಗಿದವರು ಏಳಬೇಕಾಗಿಲ್ಲ. ‘ಸ್ಮಾರ್ಟ್ ಹೋಮ್’ ಎಂಬ ಮಾತು ಬೆಂಗಳೂರಿನ ಜಾಹೀರಾತು ಫಲಕಗಳಿಗೆ ಏರುವ ಎಷ್ಟೋ ಮೊದಲು ಇದು ನಮ್ಮ ಹೊಲಗಳ ಮೂಲೆಯಲ್ಲಿ, ತಗಡಿನ ಡಬ್ಬದೊಳಗೆ ಕೂತು ಕೆಲಸ ಮಾಡುತ್ತಿತ್ತು.

ಉಪಾಯದ ಬೆನ್ನಿಗೇ ಒಂದು ಅಪಾಯವೂ ಬಂತು. 5 ಎಚ್‌ಪಿಯ ಮೋಟರು ಓಡುವಾಗ ಎಳೆಯುವುದು ಏಳೆಂಟು ಆಂಪಿಯರ್. ಆದರೆ ನಿಂತಿದ್ದದ್ದು ಎದ್ದು ತಿರುಗಲು ಶುರುಮಾಡುವ ಆ ಒಂದೆರಡು ಕ್ಷಣ ಅದರ ಐದಾರು ಪಟ್ಟು ಬೇಕು. ಹೊಲದ ಬದಿಯ 63 ಕೆವಿಎ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ತಾಳಿಕೊಳ್ಳುವುದು ಹೆಚ್ಚೂಕಡಿಮೆ 87 ಆಂಪಿಯರ್. ಇಂಥ ಹನ್ನೆರಡು ಮೋಟರುಗಳು ಸುಮ್ಮನೆ ಓಡಿದರೇ ಅದು ತುಂಬಿಹೋಗುತ್ತದೆ. ಆ ಹನ್ನೆರಡೂ ಆಟೋ ಸ್ಟಾರ್ಟರಿನ ಕೃಪೆಯಿಂದ ಒಂದೇ ಕ್ಷಣಕ್ಕೆ ಎದ್ದರೆ ಟಿಸಿಯ ಮೇಲೆ ಬೀಳುವ ಹೊರೆ 500 ಆಂಪಿಯರಿನ ಹತ್ತಿರ. ಲೆಕ್ಕಕ್ಕೆ ಸಿಗದ ಇನ್ನಾರು ಮೋಟರು ಅದೇ ಲೈನಿನಲ್ಲಿರುವುದೂ ಉಂಟು. ‘ಟಿಸಿ ಸುಟ್ಟೋಯ್ತು’ ಎಂಬ ಸುದ್ದಿ ಹೀಗೆ ಹುಟ್ಟುತ್ತದೆ. ಮೊದಲೆಲ್ಲ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಂದು ಸ್ವಿಚ್ಚು ಒತ್ತುತ್ತಿದ್ದರು, ಹೊರೆ ತಾನಾಗಿ ಹಂಚಿಹೋಗುತ್ತಿತ್ತು. ಯಂತ್ರಕ್ಕೆ ಆ ತಡ ಗೊತ್ತಿಲ್ಲ.

ಮನೆಯ ಬ್ಯಾಟರಿ, ಹೀಟ್ ಪಂಪ್, ಎಲೆಕ್ಟ್ರಿಕ್ ಗಾಡಿಯ ಚಾರ್ಜರ್ ಇವನ್ನೆಲ್ಲ ಗಡಿಯಾರಕ್ಕೋ ದರಪಟ್ಟಿಗೋ ಕಟ್ಟಿಹಾಕಿ, ಕರೆಂಟು ಅಗ್ಗವಾದಾಗ ತಾವೇ ಚಾಲೂ ಆಗುವಂತೆ ಮಾಡಲು ಹೊರಟ ದೇಶಗಳಿಗೆಲ್ಲ ಎದುರಾದದ್ದು ಇದೇ ತೊಡಕು. ಅಗ್ಗದ ದರ ರಾತ್ರಿ ಹನ್ನೆರಡಕ್ಕೆ ಎಂದರೆ ಲಕ್ಷ ಯಂತ್ರಗಳು ಸರಿಯಾಗಿ ಹನ್ನೆರಡಕ್ಕೇ ಏಳುತ್ತವೆ. ಬ್ರಿಟನ್ 2021ರಲ್ಲಿ ಮಾಡಿದ ನಿಯಮದಂತೆ ಅಲ್ಲಿ ಮಾರುವ ಗಾಡಿ ಚಾರ್ಜರುಗಳು ತಮಗೆ ತೋಚಿದಷ್ಟು, ಅಂದರೆ ಹತ್ತು ನಿಮಿಷದೊಳಗಿನ ಯಾವುದೋ ಒಂದು ತಡದೊಂದಿಗೆ, ಚಾಲೂ ಆಗಬೇಕು. ಜಾಣ ಯಂತ್ರಕ್ಕೆ ಬೇಕೆಂದೇ ತುಸು ಸೋಮಾರಿತನ ಕಲಿಸಿದ್ದಾರೆ. ನಮ್ಮ ಆಟೋ ಸ್ಟಾರ್ಟರುಗಳಿಗೂ ಬೇಕಿದ್ದದ್ದು ಅಷ್ಟೇ.

ಇಷ್ಟೆಲ್ಲ ಹೊತ್ತಿನ ಲೆಕ್ಕ ಏಕೆ ಬೇಕು? ಅಕ್ಕಿಯನ್ನು ಮೂಟೆಯಲ್ಲಿ ಇಡಬಹುದು, ಬೆಲ್ಲವನ್ನು ಅಟ್ಟದಲ್ಲಿ ಇಡಬಹುದು, ತಂತಿಯಲ್ಲಿ ಮಾತ್ರ ಕರೆಂಟು ನಿಲ್ಲುವುದಿಲ್ಲ. ಈ ಕ್ಷಣ ಎಷ್ಟು ಬಳಕೆಯೋ ಈ ಕ್ಷಣವೇ ಅಷ್ಟು ಉತ್ಪಾದನೆ ಆಗಬೇಕು. ಸಮತೂಕ ತಪ್ಪಿದರೆ ಅದು ಮೊದಲು ಕಾಣುವುದು ಆವರ್ತನದಲ್ಲಿ: ಬಳಕೆ ಹೆಚ್ಚಾದರೆ ಜನರೇಟರುಗಳ ವೇಗ ತಗ್ಗಿ, ಸೆಕೆಂಡಿಗೆ 50 ಸುತ್ತಿನ ತಾಳ ಇಳಿಯುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗ ಚಾಲನೆಗೆ ಬಂದು ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿದ ಮೇಲೆ, ಮಳವಳ್ಳಿಯ ಮೋಟರೂ ಪಂಜಾಬಿನ ಮೋಟರೂ ಒಂದೇ ತಾಳಕ್ಕೆ ಬದ್ಧ.

ಹಾಗಾಗಿ ಯೂನಿಟ್ಟು ಯೂನಿಟ್ಟೇ ಅಲ್ಲ. ಬೇಸಿಗೆಯ ನಡುಮಧ್ಯಾಹ್ನ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕೂ ಅದರಂಥ ಇತರವೂ ಕರೆಂಟು ಸುರಿಯುತ್ತಿರುತ್ತವೆ. ಸಂಜೆ ಆರೂವರೆಗೆ ಅವೆಲ್ಲ ಸೊನ್ನೆ. ಸರಿಯಾಗಿ ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಮಿಕ್ಸಿ, ಫ್ಯಾನು, ಟೀವಿ ಶುರು. ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಮಧ್ಯಾಹ್ನ ಎರಡು-ಮೂರು ರೂಪಾಯಿಗೆ ಸಿಗುವ ಯೂನಿಟ್ಟು ಸಂಜೆ ಗರಿಷ್ಠ ಮಿತಿಯಾದ 10 ರೂಪಾಯಿ ಮುಟ್ಟುವ ದಿನಗಳಿವೆ. ನಮ್ಮ ಮನೆಯ ಬಿಲ್ಲಿನಲ್ಲಿ ಮಾತ್ರ ಎರಡಕ್ಕೂ ಒಂದೇ ಬೆಲೆ. ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟಿನವರಿಗೆ ಎರಡೂ ಸೊನ್ನೆ.

ಹೊತ್ತಿನ ಈ ತಕರಾರು ಮಂಡ್ಯ ಜಿಲ್ಲೆಗೆ ಹೊಸದಲ್ಲ. ನೂರಿಪ್ಪತ್ತು ವರ್ಷಕ್ಕೂ ಹಿಂದೆ ಇದು ಇಲ್ಲಿಯೇ ತಲೆಯೆತ್ತಿ, ಇಲ್ಲಿಯೇ ಒಂದು ಪರಿಹಾರವನ್ನೂ ಕಂಡಿತು. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯನ್ನು ನೋಡಿಕೊಂಡವರು ಎಂಜಿನಿಯರ್ ಕ್ಯಾಪ್ಟನ್ ಡಿ ಲಾಟ್ಬಿನಿಯರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಟರ್ಬೈನುಗಳು ಜ್ಯೂರಿಕ್ ನಗರದ ಎಷರ್ ವೀಸ್ ಕಂಪನಿಯವು. ಈ ಎರಡನೆಯ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗಣಿಗೆ ಹಗಲು ರಾತ್ರಿಯ ಭೇದವಿಲ್ಲ. ನೆಲದಾಳದಲ್ಲಿ ಗಾಳಿ ಊದುವ, ನೀರು ಎತ್ತುವ, ಅದಿರು ಪುಡಿಮಾಡುವ ಯಂತ್ರಗಳು ಇಪ್ಪತ್ತನಾಲ್ಕು ಗಂಟೆ, ಹನ್ನೆರಡು ತಿಂಗಳು ಓಡಬೇಕು. ಕಾವೇರಿಗೆ ಆ ಶಿಸ್ತಿಲ್ಲ. ಮುಂಗಾರಿನಲ್ಲಿ ಬೇಡವೆಂದರೂ ಧುಮ್ಮಿಕ್ಕುತ್ತಾಳೆ, ಬೇಸಿಗೆಯಲ್ಲಿ ಬಂಡೆಗಳ ಸಂದಿಯಲ್ಲಿ ಹುಡುಕಬೇಕು. ಗಣಿಗಳು ಇನ್ನಷ್ಟು ಕರೆಂಟು ಕೇಳಿದವು. ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸಿಕೊಳ್ಳದೆ ಅದನ್ನು ಕೊಡಲಾಗದು. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಲು ಮುಖ್ಯ ಕಾರಣಗಳಲ್ಲಿ ಇದೂ ಒಂದು. ಕೆಆರ್‌ಎಸ್ ಎಂದರೆ ನಮಗೆ ನೆನಪಾಗುವುದು ಗದ್ದೆ, ಕಬ್ಬು, ವಿಶ್ವೇಶ್ವರಯ್ಯ ನಾಲೆ. ಎಂಜಿನಿಯರ್ ವಿಶ್ವೇಶ್ವರಯ್ಯನವರ ವಾದದಲ್ಲಿ ಅದು ಶಿವನಸಮುದ್ರದ ದಾಸ್ತಾನು ಕೂಡ ಆಗಿತ್ತು. ಜುಲೈ ತಿಂಗಳ ಶಕ್ತಿಯನ್ನು ಏಪ್ರಿಲ್ ತಿಂಗಳಿಗೆ ಎತ್ತಿಡುವ, ಸುಮಾರು 49 ಟಿಎಂಸಿ ನೀರಿನ ಬ್ಯಾಟರಿ. ಈಗ ಗೋಡೆಗೆ ನೇತುಹಾಕುವ ಬ್ಯಾಟರಿ ತಿಂಗಳುಗಳ ಬದಲು ಗಂಟೆಗಳ ಅಂತರದಲ್ಲಿ ಇದನ್ನೇ ಮಾಡುತ್ತದೆ: ಮಧ್ಯಾಹ್ನ ಒಂದು ಗಂಟೆಯ ಕರೆಂಟನ್ನು ಸಂಜೆ ಏಳು ಗಂಟೆಗೆ ಎತ್ತಿಡುತ್ತದೆ.

ಶೇಖರಿಸುವುದು ಒಂದು ದಾರಿ. ಬಳಕೆಯನ್ನೇ ಸರಿಸುವುದು ಇನ್ನೊಂದು, ಅಗ್ಗದ್ದು. ಕರ್ನಾಟಕ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿರುವುದು ಪಂಪ್‌ಸೆಟ್ಟುಗಳಲ್ಲಿ. ನಿರಂತರ ಜ್ಯೋತಿ ಯೋಜನೆ ಹಳ್ಳಿಮನೆಯ ಲೈನನ್ನು ಹೊಲದ ಲೈನಿನಿಂದ ಬೇರೆ ಮಾಡಿತು. ಅಲ್ಲಿಯವರೆಗೆ ಮೋಟರು ನಿಲ್ಲಿಸಬೇಕಾದರೆ ಮಕ್ಕಳು ಓದುವ ದೀಪವನ್ನೂ ಕಾಡಬೇಕಿತ್ತು. ಬೇರೆ ಮಾಡಿದ ಮೇಲೆ ಹೊಲದ ಏಳು ಗಂಟೆಯನ್ನು ದಿನದ ಯಾವ ಮೂಲೆಗಾದರೂ ತಳ್ಳಬಹುದಾಯಿತು. ಬಿಸಿಲಿನ ಕರೆಂಟು ಹೆಚ್ಚಿದಂತೆ ಅದನ್ನು ಹಗಲಿಗೆ ತರುವ ಕೆಲಸ ನಡೆದಿದೆ. ಪಿಎಂ-ಕುಸುಮ್ ಯೋಜನೆಯ ‘ಸಿ’ ಭಾಗದಲ್ಲಿ ಸಬ್‌ಸ್ಟೇಷನ್ನಿನ ಹತ್ತಿರವೇ ಸೌರ ಘಟಕ ಹಾಕಿ ಹೊಲದ ಫೀಡರಿಗೆ ಹಗಲಲ್ಲೇ ಕರೆಂಟು ಕೊಡುವ ಏರ್ಪಾಡಿದೆ. ದಿನಕ್ಕೆ ಏಳು ಗಂಟೆ ಓಡುವ ಒಂದು 5 ಎಚ್‌ಪಿ ಮೋಟರು ಸುಮಾರು 30 ಯೂನಿಟ್ಟು ಎಳೆಯುತ್ತದೆ, ಏಳೆಂಟು ಸಾಧಾರಣ ಮನೆಗಳ ಒಂದು ದಿನದ ಬಳಕೆ. ರಾಜ್ಯದ ಲಕ್ಷಾಂತರ ಮೋಟರುಗಳನ್ನು ರಾತ್ರಿಯಿಂದ ಹಗಲಿಗೆ ಸರಿಸಿದರೆ ಯಾವ ಆ್ಯಪೂ ಇಲ್ಲದೆ, ಒಂದು ತೊಲ ಲಿಥಿಯಂ ಕೂಡ ಇಲ್ಲದೆ, ದೊಡ್ಡ ಬ್ಯಾಟರಿ ಕಟ್ಟಿದಷ್ಟು ಕೆಲಸ ಆಗುತ್ತದೆ. ಜೊತೆಗೆ ಕೃಷಿ ಹೊಂಡವಿದ್ದರೆ ಮಧ್ಯಾಹ್ನ ಎತ್ತಿದ ನೀರನ್ನು ತಮಗೆ ಬೇಕಾದ ಹೊತ್ತಿಗೆ ಹಾಯಿಸಬಹುದು.

ಮನೆಯೊಳಗೆ ಹೀಗೆ ಸರಿಸಬಹುದಾದದ್ದು ಏನಿದೆ? ಫ್ಯಾನು ಸೆಖೆಯಾದಾಗಲೇ ತಿರುಗಬೇಕು, ದೀಪ ಕತ್ತಲಾದಾಗಲೇ ಉರಿಯಬೇಕು. ಫ್ರಿಜ್ಜನ್ನು ಅರ್ಧ ಗಂಟೆ ತಡೆದು ನಿಲ್ಲಿಸಬಹುದು, ಅಷ್ಟೇ. ನಿಜವಾಗಿ ಬಗ್ಗುವುದು ಒಂದೇ ಒಂದು: ಸ್ನಾನದ ನೀರು.

ಬಚ್ಚಲ ಹಂಡೆಗೆ ತೆಂಗಿನ ಗರಿ, ಮಟ್ಟೆ, ಕಬ್ಬಿನ ತರಗು ಹಾಕಿ ಕಾಯಿಸುವ ಮನೆಗಳು ಈಗಲೂ ಹಳ್ಳಿಯಲ್ಲಿವೆ. ಮಂಡ್ಯ, ಮದ್ದೂರು ಪಟ್ಟಣಗಳಲ್ಲಿ ಆ ಜಾಗಕ್ಕೆ ಬಂದದ್ದು ಗೀಸರು, ಇಲ್ಲವೇ ತಾರಸಿಯ ಮೇಲಿನ ಸೋಲಾರು. ಬೆಳಿಗ್ಗೆ ಆರರಿಂದ ಎಂಟರ ತನಕ ಊರಿಗೆ ಊರೇ 2 ಕಿಲೋವಾಟಿನ ಗೀಸರ್ ಹಾಕುತ್ತದೆ, ಸೂರ್ಯ ಇನ್ನೂ ಪಾವಗಡದ ಫಲಕಗಳನ್ನು ಕಾಯಿಸಿರುವುದಿಲ್ಲ. ಗೀಸರಿನ ಕೆಲಸ ಸರಳ, ಸರಳವಾದ್ದರಿಂದಲೇ ದುಂದು. ಒಂದು ಯೂನಿಟ್ಟು ಕರೆಂಟು ಕೊಟ್ಟರೆ ಒಂದು ಯೂನಿಟ್ಟು ಶಾಖ ಕೊಡುತ್ತದೆ. ಅದಕ್ಕಿಂತ ಹೆಚ್ಚು ಅದರಿಂದ ಸಾಧ್ಯವಿಲ್ಲ.

ಹೀಟ್ ಪಂಪಿಗೆ ಸಾಧ್ಯವಿದೆ. ಒಂದು ಯೂನಿಟ್ಟಿಗೆ ಮೂರು, ಮೂರೂವರೆ ಯೂನಿಟ್ಟು ಶಾಖ. ಕೇಳಿದವರು ಮೊದಲು ಇದು ಮೋಸದ ಮಾತು ಎನ್ನುತ್ತಾರೆ, ಹಾಗೆ ಅನ್ನುವುದು ಆರೋಗ್ಯಕರವೇ. ಬೋರ್‌ವೆಲ್ ಮೋಟರನ್ನು ನೆನೆದರೆ ಗುಟ್ಟು ಬಿಡುತ್ತದೆ. ಮೋಟರು ನೀರನ್ನು ಸೃಷ್ಟಿಸುವುದಿಲ್ಲ, ಕೆಳಗಿದ್ದದ್ದನ್ನು ಮೇಲಕ್ಕೆ ಎತ್ತುತ್ತದೆ. ಹೀಟ್ ಪಂಪೂ ಶಾಖವನ್ನು ಸೃಷ್ಟಿಸುವುದಿಲ್ಲ. ಹೊರಗಿನ ಗಾಳಿಯಲ್ಲಿ ಈಗಾಗಲೇ ಇರುವ ಶಾಖವನ್ನು ಎತ್ತಿ ನೀರಿಗೆ ತುಂಬುತ್ತದೆ. ನೀರು ಮುನ್ನೂರು ಅಡಿಯಲ್ಲಿದ್ದರೆ ಕರೆಂಟು ಹೆಚ್ಚು, ಮೂವತ್ತು ಅಡಿಯಲ್ಲಿದ್ದರೆ ಕಡಿಮೆ. ಇಲ್ಲಿ ಅಡಿಯ ಬದಲು ಡಿಗ್ರಿ: ಗಾಳಿಗೂ ಕಾಯಬೇಕಾದ ನೀರಿಗೂ ಇರುವ ಅಂತರ ಎಷ್ಟು ಎಂಬುದೇ ಲೆಕ್ಕ.

ಎತ್ತುವ ಯಂತ್ರ ನಮ್ಮೆಲ್ಲರ ಮನೆಯಲ್ಲಿದೆ. ಫ್ರಿಜ್ಜಿನ ಹಿಂಬದಿಯ ಬಿಸಿ ಕೊಳವೆ ಮುಟ್ಟಿದವರೆಲ್ಲ ಹೀಟ್ ಪಂಪ್ ಮುಟ್ಟಿದ್ದಾರೆ. ತೀರ ಕಡಿಮೆ ಉಷ್ಣತೆಯಲ್ಲಿ ಕುದಿಯುವ ಒಂದು ದ್ರವ ಗಾಳಿಯಿಂದ ಶಾಖ ಹೀರಿ ಅನಿಲವಾಗುತ್ತದೆ. ಕಂಪ್ರೆಸರ್ ಆ ಅನಿಲವನ್ನು ಒತ್ತುತ್ತದೆ, ಒತ್ತಿದಾಗ ಅದು ಬಿಸಿಯಾಗುತ್ತದೆ. ಬಿಸಿ ಅನಿಲ ನೀರಿನ ತೊಟ್ಟಿಯ ಸುತ್ತ ಹಾಯ್ದು, ಶಾಖ ಬಿಟ್ಟುಕೊಟ್ಟು, ಮತ್ತೆ ದ್ರವವಾಗುತ್ತದೆ. ಕಿರಿದಾದ ಕಂಡಿಯಲ್ಲಿ ನುಸುಳಿ ಒತ್ತಡ ಕಳೆದುಕೊಂಡರೆ ಪುನಃ ತಣ್ಣಗೆ, ಪುನಃ ಮೊದಲಿನಿಂದ. ಕರೆಂಟು ಖರ್ಚಾಗುವುದು ಒತ್ತುವುದಕ್ಕೆ ಮಾತ್ರ.

ಇದರ ಮಿತಿಯನ್ನು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ತೋರಿಸಿಕೊಟ್ಟಿದ್ದ ತರ್ಕದಿಂದ ಹೇಳಬಹುದು. 30 ಡಿಗ್ರಿ ಗಾಳಿಯಿಂದ ಶಾಖ ಎತ್ತಿ ನೀರನ್ನು 55 ಡಿಗ್ರಿಗೆ ಕಾಯಿಸಲು ಸಿದ್ಧಾಂತದ ಪ್ರಕಾರ ಒಂದು ಯೂನಿಟ್ಟಿಗೆ 13 ಯೂನಿಟ್ಟು ಶಾಖ ಸಿಗಬೇಕು. ಸೊನ್ನೆ ಡಿಗ್ರಿ ಗಾಳಿಯಿಂದಾದರೆ 6. ನಿಜದ ಯಂತ್ರ ಕೊಡುವುದು ಅದರ ಮೂರನೆಯ ಒಂದು ಭಾಗವೋ ಅರ್ಧವೋ. ಆದರೂ ಅನುಪಾತ ಸುಳ್ಳಾಗುವುದಿಲ್ಲ. ನಾರ್ವೆಯ ಹಿಮದಲ್ಲಿ ಬಹುಪಾಲು ಮನೆಗಳು ಹೀಟ್ ಪಂಪ್ ಇಟ್ಟುಕೊಂಡಿವೆ. ಚಳಿಗಾಲದ ಮಧ್ಯಾಹ್ನವೂ 27–28 ಡಿಗ್ರಿ ಇರುವ ಮಂಡ್ಯದಲ್ಲಿ ಆ ಯಂತ್ರಕ್ಕೆ ಅರ್ಧ ಕೆಲಸ. ಇನ್ನೊಂದು ಅನುಕೂಲ ಇಲ್ಲೇ ಅಡಗಿದೆ. ಗಾಳಿ ಅತ್ಯಂತ ಬಿಸಿಯಾಗಿರುವ ಹೊತ್ತು ಮಧ್ಯಾಹ್ನ, ಕರೆಂಟು ಅಗ್ಗವಾಗಿರುವ ಹೊತ್ತೂ ಮಧ್ಯಾಹ್ನ. ಯುರೋಪಿನಲ್ಲಿ ಈ ಎರಡು ಹೀಗೆ ಕೂಡಿ ಬರುವುದಿಲ್ಲ. ಅಲ್ಲಿ ಶಾಖ ಬೇಕಾಗುವುದು ಬಿಸಿಲಿಲ್ಲದ ಜನವರಿಯಲ್ಲಿ.

ಎಷರ್ ವೀಸ್‌ಗೆ ಬರೋಣ. ಶಿವನಸಮುದ್ರಕ್ಕೆ ಟರ್ಬೈನು ಕಳಿಸಿದ ಅದೇ ಕಂಪನಿ 1938ರ ಹೊತ್ತಿಗೆ ತನ್ನ ಊರಿನ ಪುರಭವನಕ್ಕೆ ಒಂದು ಹೀಟ್ ಪಂಪ್ ಕೂರಿಸಿತು. ಪಕ್ಕದಲ್ಲಿ ಹರಿಯುವ ಲಿಮಾತ್ ನದಿಯ ತಣ್ಣನೆಯ ನೀರಿನಿಂದ ಶಾಖ ತೆಗೆದು ಕಟ್ಟಡವನ್ನು ಬೆಚ್ಚಗಿಡುವ ವ್ಯವಸ್ಥೆ. ಸ್ವಿಟ್ಜರ್ಲೆಂಡಿಗೆ ಕಲ್ಲಿದ್ದಲಿಲ್ಲ, ಜಲವಿದ್ಯುತ್ತು ಇತ್ತು. ಯುದ್ಧದ ಮೋಡ ಕವಿಯುತ್ತಿತ್ತು. ಆ ಯಂತ್ರ 2001ರವರೆಗೂ ಅಲ್ಲಿತ್ತು. ಅರವತ್ತು ವರ್ಷಕ್ಕೂ ಮೀರಿ ಬಾಳಿದ ತಂತ್ರವನ್ನು ನಮ್ಮ ಅಂಗಡಿಗಳು ‘ನೂತನ’ ಎಂದು ಮಾರುವುದು ತಮಾಷೆಯಾಗಿದೆ. ಇನ್ನೂ ಹಿಂದೆ, 1856ರ ಸುಮಾರಿಗೆ, ಆಸ್ಟ್ರಿಯಾದ ಪೀಟರ್ ಫಾನ್ ರಿಟಿಂಗರ್ ಎಬೆನ್ಸೀ ಊರಿನ ಉಪ್ಪಿನ ಕಾರ್ಖಾನೆಯಲ್ಲಿ ಉಪ್ಪುನೀರು ಕುದಿಯುವಾಗ ಏಳುವ ಹಬೆಯನ್ನೇ ಒತ್ತಿ ಬಿಸಿಮಾಡಿ, ಅದೇ ಕಡಾಯಿಯನ್ನು ಕುದಿಸಲು ಬಳಸಿದ್ದ. ಮಂಡ್ಯದ ಆಲೆಮನೆಗಳ ಮುಂದೆ ಹಾದುಹೋಗುವಾಗ ನನಗೆ ರಿಟಿಂಗರ್ ನೆನಪಾಗುತ್ತಾನೆ. ಕೊಪ್ಪರಿಗೆಯಿಂದ ಏಳುವ ಹಬೆ ಲೀಟರಿಗೆ 0.63 ಯೂನಿಟ್ಟಿನಂತೆ ಶಾಖ ಹೊತ್ತು ಆಕಾಶಕ್ಕೆ ಹೋಗುತ್ತಿರುತ್ತದೆ. ಆದರೆ ಆಲೆಮನೆಯವನಿಗೆ ಕಬ್ಬಿನ ಸಿಪ್ಪೆ ಪುಕ್ಕಟೆ. ಪುಕ್ಕಟೆ ಸೌದೆ ಇರುವ ಕಡೆ ಎಂಜಿನಿಯರನ ಮಾತನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಸ್ನಾನದ ನೀರಿನ ಲೆಕ್ಕ ಮಾಡೋಣ. ದಿನಕ್ಕೆ 100 ಲೀಟರ್ ನೀರನ್ನು 22 ಡಿಗ್ರಿಯಿಂದ 45ಕ್ಕೆ ಕಾಯಿಸಲು 2.7 ಯೂನಿಟ್ಟು ಶಾಖ ಬೇಕು. ಗೀಸರಿಗೆ ಅಷ್ಟೂ ಕರೆಂಟು. ಹೀಟ್ ಪಂಪಿಗೆ ಮುಕ್ಕಾಲು ಯೂನಿಟ್ಟಿನ ಆಸುಪಾಸು. ಇದು ಉಳಿತಾಯದ ಲೆಕ್ಕವಾಯಿತು. ಹೊತ್ತಿನ ಲೆಕ್ಕ ಇದಕ್ಕಿಂತ ಸ್ವಾರಸ್ಯ. 200 ಲೀಟರಿನ ತೊಟ್ಟಿಯನ್ನು ಮಧ್ಯಾಹ್ನ 25ರಿಂದ 55 ಡಿಗ್ರಿಗೆ ಏರಿಸಿಟ್ಟರೆ ಅದರೊಳಗೆ 7 ಯೂನಿಟ್ಟು ಶಾಖ ಕೂತಿರುತ್ತದೆ. ತುಂಬಲು ತೆಗೆದುಕೊಂಡ ಕರೆಂಟು ಸುಮಾರು 2 ಯೂನಿಟ್ಟು. ತೊಟ್ಟಿಯ ಕವಚ ಚೆನ್ನಾಗಿದ್ದರೆ ಮರುದಿನ ಬೆಳಗಿನೊಳಗೆ ಸೋರಿಹೋಗುವುದು ಒಂದು ಯೂನಿಟ್ಟಿನಷ್ಟು. ನಿಮ್ಮ ಮನೆಯ ಯುಪಿಎಸ್ಸಿನ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್ಟು. ಅಂದರೆ ಬಿಸಿನೀರಿನ ತೊಟ್ಟಿ ಸುಮಾರು ನಾಲ್ಕು ಯುಪಿಎಸ್ ಬ್ಯಾಟರಿಗೆ ಸಮ. ಆಸಿಡ್ ಇಲ್ಲ, ಲಿಥಿಯಂ ಇಲ್ಲ, ಸಾವಿರ ಸಲ ತುಂಬಿ ಬರಿದು ಮಾಡಿದರೂ ನೀರು ಸವೆಯುವುದಿಲ್ಲ. ಒಂದೇ ಕೊರತೆ: ಅದರಿಂದ ಫ್ಯಾನು ತಿರುಗಿಸಲಾಗದು.

ನ್ಯೂಜಿಲೆಂಡ್ ಇದನ್ನು 1950ರ ದಶಕದಿಂದಲೂ ಬಳಸಿಕೊಂಡಿದೆ. ಅಲ್ಲಿನ ವಿದ್ಯುತ್ ಸಂಸ್ಥೆಗಳು ಕರೆಂಟಿನ ತಂತಿಯಲ್ಲೇ ಒಂದು ಸಂಜ್ಞೆ ಕಳಿಸಿ ಮನೆಮನೆಯ ನೀರಿನ ತೊಟ್ಟಿಗಳನ್ನು ಒತ್ತಡದ ಹೊತ್ತಿನಲ್ಲಿ ಆರಿಸುತ್ತವೆ, ಆಮೇಲೆ ಹಾಕುತ್ತವೆ. ಸ್ನಾನಕ್ಕೆ ಹೋದವರಿಗೆ ಅದು ಗೊತ್ತೂ ಆಗುವುದಿಲ್ಲ.

ಇಷ್ಟು ಹೇಳಿ ಸೋಲಾರಿನ ಮಾತಾಡದಿದ್ದರೆ ಅನ್ಯಾಯ. ಸ್ವಂತ ತಾರಸಿ ಇದ್ದು, ಅದರ ಮೇಲೆ ನೆರಳು ಬೀಳದಿದ್ದರೆ, ಮಂಡ್ಯದ ಬಿಸಿಲಿಗೆ ಸೋಲಾರ್ ವಾಟರ್ ಹೀಟರನ್ನು ಮೀರಿಸುವ ಯಂತ್ರವಿಲ್ಲ. ಹೀಟ್ ಪಂಪಿನ ಜಾಗ ಬೇರೆ: ಮಹಡಿ ಮೇಲೆ ಮಹಡಿಯಿರುವ ಬಾಡಿಗೆ ಮನೆ, ಹಾಸ್ಟೆಲು, ಆಸ್ಪತ್ರೆ, ಲಾಡ್ಜು, ಕಲ್ಯಾಣ ಮಂಟಪ, ಬೆಂಗಳೂರು–ಮೈಸೂರು ರಸ್ತೆಯ ಹೋಟೆಲು. ಗಾಳಿಯ ಶಾಖ ಹೀರುವ ಯಂತ್ರ ಹೊರಬಿಡುವ ಗಾಳಿ ತಣ್ಣಗಿರುತ್ತದೆ. ಮದ್ದೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ, ವಡೆ ಬೇಯುವ ಬಾಣಲೆಯ ಮುಂದೆ ನಿಂತವನ ಕಡೆಗೆ ಆ ತಣ್ಣನೆ ಗಾಳಿಯನ್ನು ತಿರುಗಿಸಿದರೆ ಪಾತ್ರೆ ತೊಳೆಯುವ ಬಿಸಿನೀರೂ ಬಂತು, ಬೆವರೂ ಇಳಿಯಿತು.

ಇದಕ್ಕಿಂತ ದೊಡ್ಡ ಅವಕಾಶ ಇರುವುದು ಹಾಲಿನ ಡೈರಿಗಳಲ್ಲಿ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯದ ಹಾಲು ಒಕ್ಕೂಟ ಮನ್‌ಮುಲ್‌ನ ದೊಡ್ಡ ಡೈರಿ ಇದೆ. ಅದಕ್ಕೆ ಹಾಲು ಬರುವುದು ಹಳ್ಳಿ ಸಂಘಗಳಿಂದ. ಅಂಥ ಕಡೆ ಹಾಲನ್ನು ತಂಪು ಮಾಡುವ ಬಿಎಂಸಿ ತೊಟ್ಟಿಗಳಿರುತ್ತವೆ. ಕರೆದ ಹಾಲು 35 ಡಿಗ್ರಿ; ಹುಳಿಯಬಾರದೆಂದರೆ ಬೇಗ 4 ಡಿಗ್ರಿಗೆ ಇಳಿಯಬೇಕು. ಸಾವಿರ ಲೀಟರಿನಿಂದ ಹೊರತೆಗೆಯಬೇಕಾದ ಶಾಖ ಸುಮಾರು 34 ಯೂನಿಟ್ಟು, ಅದಕ್ಕೆ ಕಂಪ್ರೆಸರ್ ತಿನ್ನುವ ಕರೆಂಟು ಹನ್ನೊಂದರ ಹತ್ತಿರ. ಹಾಲು ಬರುವ ಹೊತ್ತು ನೋಡಿ: ಬೆಳಿಗ್ಗೆ ಗೀಸರಿನ ಹೊತ್ತು, ಸಂಜೆ ದೀಪದ ಹೊತ್ತು. ಹಸು ಎಮ್ಮೆಗಳಿಗೆ ದರಪಟ್ಟಿ ತೋರಿಸಲಾಗದು. ಆದರೆ ತೊಟ್ಟಿಯ ಬದಿಯಲ್ಲಿ ಮಧ್ಯಾಹ್ನವೇ ಮಂಜುಗಡ್ಡೆ ಕಟ್ಟಿಟ್ಟುಕೊಂಡು ಸಂಜೆ ಅದರ ತಂಪನ್ನು ಹಾಲಿಗೆ ಕೊಡಬಹುದು. ‘ಐಸ್ ಬ್ಯಾಂಕ್’ ಎನ್ನುವ ಈ ಪದ್ಧತಿ ಡೈರಿ ಉದ್ಯಮದಲ್ಲಿ ಹಳೆಯದು. ಕರೆಂಟು ಕೈಕೊಟ್ಟಾಗ ಡೀಸೆಲ್ ಜನರೇಟರ್ ಎಬ್ಬಿಸುವುದೂ ತಪ್ಪುತ್ತದೆ. ಇನ್ನು ಹಾಲಿನಿಂದ ತೆಗೆದ ಶಾಖ? ಕಂಪ್ರೆಸರಿನ ಕೆಲಸವೂ ಸೇರಿ 45 ಯೂನಿಟ್ಟು ಬಿಸಿಗಾಳಿಯಾಗಿ ಹಿತ್ತಲಿಗೆ ಹೋಗುತ್ತದೆ. ಕ್ಯಾನು ತೊಳೆಯಲು ಬಿಸಿನೀರು ಬೇಕೆಂದು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಹೀಟರ್ ಹಾಕಿದರೆ ಬಲಗೈಯಿಂದ ಎಸೆದದ್ದನ್ನು ಎಡಗೈಯಿಂದ ಕೊಂಡಂತೆ.

ಈಗ ನಿಜವಾದ ಬ್ಯಾಟರಿಗೆ. ಮಂಡ್ಯ ಸೀಮೆಯಲ್ಲಿ ಮನೆ ಬ್ಯಾಟರಿ ಹೊಸದೇನಲ್ಲ. ಪಟ್ಟಣದ ಎಷ್ಟೋ ಮನೆಗಳ ಮೆಟ್ಟಿಲ ಕೆಳಗೆ ಯುಪಿಎಸ್ ಕೂತಿದೆ. ಆದರೆ ಅದು ಕಾಯುತ್ತಿರುವುದು ಕರೆಂಟು ಹೋಗುವುದನ್ನು ಮಾತ್ರ. ಸಂಜೆ ಏಳಕ್ಕೆ ಹೋಗಿ ಎಂಟಕ್ಕೆ ಬಂತೆಂದರೆ ಊರಿನ ಯುಪಿಎಸ್ಸುಗಳೆಲ್ಲ ಆ ಒತ್ತಡದ ಹೊತ್ತಿನಲ್ಲೇ ಒಟ್ಟಿಗೆ ಚಾರ್ಜಿಗೆ ಬೀಳುತ್ತವೆ. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುತ್ತ ಹೋದರೆ ಆಯುಸ್ಸು ಬೇಗ ಮುಗಿಯುತ್ತದೆ, ಹಾಕಿದ್ದರಲ್ಲಿ ಕಾಲುಭಾಗದಷ್ಟು ಶಾಖವಾಗಿ ಕಳೆದುಹೋಗುತ್ತದೆ. ದಿನಾ ತುಂಬಿ ದಿನಾ ಬಳಸಲು ಅದು ಹುಟ್ಟಿದ್ದಲ್ಲ.

ದಿನದ ದುಡಿಮೆಗೆ ಒಗ್ಗುವುದು ಲಿಥಿಯಂ ಕಬ್ಬಿಣ ಫಾಸ್ಫೇಟ್, ಅಂಗಡಿಯ ಭಾಷೆಯಲ್ಲಿ ಎಲ್‌ಎಫ್‌ಪಿ. ಕೋಬಾಲ್ಟ್ ಬೇಡ, ಬೆಂಕಿಯ ಭಯ ಕಡಿಮೆ, ಸಾವಿರಾರು ಸುತ್ತು ತಾಳುತ್ತದೆ. 1997ರಲ್ಲಿ ಇದನ್ನು ಮೊದಲು ವಿವರಿಸಿದ ಸಂಶೋಧನಾ ಪ್ರಬಂಧಕ್ಕೆ ಮೂವರು ಲೇಖಕರು: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡಿನಫ್. ಗುಡಿನಫ್ ಅವರಿಗೆ 2019ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ನೊಬೆಲ್ ಬಂತು. ಮಧ್ಯದ ಹೆಸರನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಕಂಡಿಲ್ಲ. 2010ರಲ್ಲಿ ಒಂದು ಯೂನಿಟ್ಟು ಹಿಡಿಸುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗೂ ಮಿಕ್ಕಿ ಬೆಲೆಯಿತ್ತು; 2024ರ ಹೊತ್ತಿಗೆ ಜಾಗತಿಕ ಸರಾಸರಿ 115 ಡಾಲರಿಗೆ ಇಳಿದಿತ್ತು.

ಲಿಥಿಯಂ ಎಂದಕೂಡಲೇ ಮಂಡ್ಯದವರು ಮರ್ಲಗಲ್ಲ–ಅಲ್ಲಾಪಟ್ಟಣದ ಸುದ್ದಿ ಎತ್ತುತ್ತಾರೆ. ಶ್ರೀರಂಗಪಟ್ಟಣದ ಕಡೆಯ ಈ ನೆಲದ ಪೆಗ್ಮಟೈಟ್ ಬಂಡೆಯಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಪತ್ರಿಕೆಗಳು ಸಂಭ್ರಮಿಸಿದವು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜು 1,600 ಟನ್ನಿಗೆ ನಿಂತಿತು, ಅದೂ ಅತ್ಯಂತ ಪ್ರಾಥಮಿಕ ಹಂತದ ಅಂದಾಜು. ಒಂದು ಯೂನಿಟ್ಟಿನ ಬ್ಯಾಟರಿಗೆ ಸುಮಾರು 100 ಗ್ರಾಂ ಲಿಥಿಯಂ ಎಂದು ಹಿಡಿದರೆ, ಕೊನೆಯ ಗ್ರಾಮಿನವರೆಗೂ ತೆಗೆದು ಬಳಸಿದರೂ, ಐದು ಯೂನಿಟ್ಟಿನ ಮನೆ ಬ್ಯಾಟರಿಗಳು ಮೂವತ್ತೆರಡು ಲಕ್ಷ ಆಗಬಹುದು. ನಮ್ಮ ರಾಜ್ಯದ ಅರ್ಧದಷ್ಟು ಮನೆಗೂ ಸಾಲದು. ಗಣಿ ಅಗೆಯುವ ಖರ್ಚು, ಕಲ್ಲಿನಿಂದ ಲೋಹ ಬಿಡಿಸುವ ಆಸಿಡ್ಡು, ನೀರು ಇವನ್ನು ಲೆಕ್ಕಕ್ಕೆ ಸೇರಿಸಿದರೆ, ಆ ಬಂಡೆಗಳು ಇದ್ದಲ್ಲೇ ಇರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಸೌರ ಫಲಕ ಹಾಕಿಸಿದವರು ಮೊದಲ ಸಲ ಬೆಚ್ಚುವುದು ಕರೆಂಟು ಹೋದಾಗ. ಸುಡುಬಿಸಿಲು, ತಾರಸಿ ತುಂಬ ಫಲಕ, ಮನೆಯಲ್ಲಿ ಮಾತ್ರ ಫ್ಯಾನಿಲ್ಲ. ‘ಇದೇನ್ ಸ್ವಾಮಿ, ಮೂರು ಕಿಲೋವಾಟ್ ಹಾಕಿಸಿ ಬೀಸಣಿಗೆ ಹಿಡ್ಕಂಡ್ ಕೂರ್ಬೇಕಾ?’ ಎಂದು ಕೇಳಿದರೆ ತಪ್ಪಿಲ್ಲ. ಜಾಲಕ್ಕೆ ಜೋಡಿಸಿದ ಸಾಮಾನ್ಯ ಇನ್ವರ್ಟರು ಜಾಲ ಸತ್ತ ಕೂಡಲೇ ತಾನೂ ನಿಲ್ಲಬೇಕು, ಇಲ್ಲದಿದ್ದರೆ ಲೈನು ಸತ್ತಿದೆ ಎಂದು ಕಂಬ ಹತ್ತಿದ ಲೈನ್‌ಮನ್ನಿನ ಪ್ರಾಣ ಹೋಗುತ್ತದೆ. ಹೈಬ್ರಿಡ್ ಇನ್ವರ್ಟರೂ ಬ್ಯಾಟರಿಯೂ ಇದ್ದರೆ ಮನೆಯನ್ನು ಬೀದಿಯಿಂದ ಬೇರ್ಪಡಿಸಿ ಒಳಗೆ ಮಾತ್ರ ನಡೆಸಬಹುದು. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಅದು ಫಲಕದ ಅಳತೆಯ ಮೇಲೆ, ಬ್ಯಾಟರಿಯ ಮೇಲಲ್ಲ.

ಬ್ಯಾಟರಿ ಲಾಭವೇ? ಇನ್ವರ್ಟರ್ ಬಿಟ್ಟು ಐದು ಯೂನಿಟ್ಟಿನ ಬ್ಯಾಟರಿಗೆ ಒಂದು ಲಕ್ಷ ಎಂದಿಟ್ಟುಕೊಳ್ಳಿ, ದಿನಕ್ಕೆ ನಾಲ್ಕು ಯೂನಿಟ್ಟಿನಂತೆ ಹತ್ತು ವರ್ಷ ದುಡಿಯಿತು ಎನ್ನಿ. 14,600 ಯೂನಿಟ್ಟು, ಮಧ್ಯಾಹ್ನದಿಂದ ಸಂಜೆಗೆ ದಾಟಿಸಲು ಯೂನಿಟ್ಟಿಗೆ ಏಳು ರೂಪಾಯಿ ದೋಣಿ ಬಾಡಿಗೆ. ಮಧ್ಯಾಹ್ನ ಎರಡು ರೂಪಾಯಿ, ಸಂಜೆ ಹತ್ತು ರೂಪಾಯಿಯ ಮಾರುಕಟ್ಟೆಯಲ್ಲಿ ಇದು ಹೇಗೋ ಗಿಟ್ಟುತ್ತದೆ. ಎಲ್ಲ ಹೊತ್ತಿಗೂ ಒಂದೇ ದರ ಇರುವ ಮನೆಯವನಿಗೆ ಶುದ್ಧ ನಷ್ಟ. ಬಿಸಿನೀರಿನ ತೊಟ್ಟಿಗೆ ಈ ದೋಣಿ ಬಾಡಿಗೆ ಹೆಚ್ಚೂಕಡಿಮೆ ಇಲ್ಲ. ಆದ್ದರಿಂದ ನನ್ನ ಮಟ್ಟಿಗೆ ಅನುಕ್ರಮ ಸ್ಪಷ್ಟ: ಮೊದಲು ಮೋಟರು, ಆಮೇಲೆ ನೀರು, ಕೊನೆಗೆ ಬ್ಯಾಟರಿ. ಮಾರಾಟಗಾರರು ಇದನ್ನು ತಲೆಕೆಳಗಾಗಿ ಹೇಳುತ್ತಾರೆ.

ದರದಲ್ಲಿ ಹೊತ್ತನ್ನು ತರುವ ಕಾನೂನು ಇಲ್ಲದೇ ಇಲ್ಲ. 2023ರ ತಿದ್ದುಪಡಿಯ ಕೇಂದ್ರ ನಿಯಮದಂತೆ ಸ್ಮಾರ್ಟ್ ಮೀಟರ್ ಹಾಕಿದ ಗ್ರಾಹಕರಿಗೆ, ಕೃಷಿಯನ್ನು ಬಿಟ್ಟು, 2025ರ ಏಪ್ರಿಲ್ ಒಂದರೊಳಗೆ ಹೊತ್ತಿನ ದರ ಬರಬೇಕಿತ್ತು: ಬಿಸಿಲಿನ ಗಂಟೆಗಳಲ್ಲಿ ಕನಿಷ್ಠ ಶೇ 20 ಕಡಿಮೆ, ಒತ್ತಡದ ಗಂಟೆಗಳಲ್ಲಿ ಹೆಚ್ಚು. ಮೀಟರು ಇಲ್ಲದೆ ಇದು ಕಾಗದದ ಮೇಲಿನ ಮಾತು. ಚೆಸ್ಕಾಂ ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಹಕರನ್ನು ಸೇರಿಸಿ ದೇಶದ ಆರಂಭಿಕ ಸ್ಮಾರ್ಟ್ ಗ್ರಿಡ್ ಪ್ರಯೋಗಗಳಲ್ಲಿ ಒಂದನ್ನು ನಡೆಸಿತ್ತು. ಮಂಡ್ಯಕ್ಕೆ ಕರೆಂಟು ಕೊಡುವ ಕಂಪನಿಯೂ ಅದೇ.

ಗೃಹಜ್ಯೋತಿ ಬಂದ ಮೇಲೆ ಲೆಕ್ಕದ ದಿಕ್ಕೇ ಬೇರೆ. 2023ರ ಆಗಸ್ಟ್‌ನಿಂದ, 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್ಟು ಉಚಿತ, ಗರಿಷ್ಠ 200. ಬಿಲ್ಲೇ ಇಲ್ಲದ ಮನೆಗೆ ಹೀಟ್ ಪಂಪ್ ಉಳಿಸಿಕೊಡುವುದು ಸೊನ್ನೆ; ಉಳಿತಾಯವಾಗುವುದು ಸರ್ಕಾರದ ಬೊಕ್ಕಸಕ್ಕೆ. ಹೀಗಿರುವಾಗ ಯಂತ್ರದ ಬೆಲೆಯನ್ನು ಮನೆಯವರ ಮೇಲೆ ಹೇರಿ ‘ಪರಿಸರ ಉಳಿಸಿ’ ಎಂದು ಉಪದೇಶ ಮಾಡುವುದು ನನಗೆ ಹಿಡಿಸುವುದಿಲ್ಲ. ಒಂದು ಬಗೆಯ ಮನೆಗೆ ಮಾತ್ರ ಲೆಕ್ಕ ತಿರುಗುತ್ತದೆ. 200 ಯೂನಿಟ್ಟಿನ ಅಂಚಿನಲ್ಲಿ ತೂಗಾಡುವ ಮನೆ. ಅಂಚು ದಾಟಿದ ತಿಂಗಳು ಅಷ್ಟಕ್ಕೂ ಬಿಲ್ಲು. ದಾಟಿಸುವುದು ಹೆಚ್ಚಾಗಿ ಚಳಿಗಾಲದ ಗೀಸರೇ. ನಾವು ಹಾಕಿದ ಲೆಕ್ಕದ ಪ್ರಕಾರ ತಿಂಗಳಿಗೆ ಗೀಸರು 80 ಯೂನಿಟ್ಟು, ಹೀಟ್ ಪಂಪು 23. ಆ 57 ಯೂನಿಟ್ಟಿನ ವ್ಯತ್ಯಾಸವೇ ಮನೆಯನ್ನು ಅಂಚಿನ ಈಚೆಗೆ ಎಳೆದುಕೊಳ್ಳಬಲ್ಲದು.

ಹಾಗೆ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದದ್ದು ಕೆಲವೇ. ಬಿಸಿ ಅನಿಲದ ಸುರುಳಿ ತೊಟ್ಟಿಯ ಹೊರಮೈಗೆ ಸುತ್ತಿದ್ದೋ, ನೀರಿನೊಳಗೆ ಮುಳುಗಿದ್ದೋ? ಬೋರ್‌ವೆಲ್ಲಿನ ಗಡಸು ನೀರಿಗೆ ಹೊರಗೆ ಸುತ್ತಿದ್ದೇ ವಾಸಿ, ಸುಣ್ಣ ಅಷ್ಟು ಬೇಗ ಕಟ್ಟುವುದಿಲ್ಲ. ಯಂತ್ರ ಗಾಳಿ ಆಡುವ ಕಡೆ ಇರಬೇಕು, ಬಚ್ಚಲಿನ ಅಟ್ಟದಲ್ಲಲ್ಲ. ಸಣ್ಣ ಕೂಲರಿನಷ್ಟು ಸದ್ದು ಮಾಡುವುದರಿಂದ ಮಲಗುವ ಕೋಣೆಯ ಗೋಡೆಗೂ ಬೇಡ. ತೊಟ್ಟಿ ಬೆಳಗಿನ ಸ್ನಾನಗಳೆಲ್ಲ ಮುಗಿಯುವಷ್ಟು ದೊಡ್ಡದಿರಲಿ, ಸಣ್ಣದಾದರೆ ಅದು ಬೆಳಿಗ್ಗೆ ಏಳಕ್ಕೇ ಮತ್ತೆ ಕರೆಂಟು ಹುಡುಕುತ್ತದೆ. ಟೈಮರು ಇದೆಯೇ ನೋಡಿ. ಇದ್ದರೆ ಹನ್ನೊಂದಕ್ಕೆ ಹಾಕಿ, ಮೂರಕ್ಕೆ ಆರುವಂತೆ ಇಡಿ.